ಗೂಡಿನಿಂದ ಮುಖದ ಕ್ರೀಮಿನವರೆಗೆ: ರೇಷ್ಮೆ ಸಾರ ಬಳಸಿದ ಉಡುಪಿಯ ಸಣ್ಣ ಘಟಕವೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯ ಬಡಾವಣೆಯೊಂದರಲ್ಲಿ ಅತ್ತಿಗೆ ಮತ್ತು ನಾದಿನಿ ಸೇರಿ ನಡೆಸುವ ಸಣ್ಣ ಸೌಂದರ್ಯವರ್ಧಕ ಘಟಕವಿದೆ. ತೆಂಗಿನೆಣ್ಣೆಯ ಸಾಬೂನಿನಿಂದ ಆರಂಭವಾದ ಈ ಘಟಕವು ಮುಂದೆ ಪರವಾನಗಿ ಪಡೆದು ಕ್ರೀಮ್ ಮತ್ತು ಸೀರಮ್‌ಗಳ ತಯಾರಿಕೆಗೂ ಇಳಿಯಿತು. ಅತ್ತಿಗೆಯ ತವರು ಶಿಡ್ಲಘಟ್ಟದ ಕಡೆಯದು. ಅಲ್ಲಿ ಅವರ ಅಣ್ಣ ನೂಲು ಬಿಚ್ಚಾಣಿಕೆಯ ಕಸುಬಿನಲ್ಲಿದ್ದಾರೆ. ಮಳೆ ಮತ್ತು ತೇವ ಹೆಚ್ಚಿರುವ ಕರಾವಳಿಯಲ್ಲಿ ರೇಷ್ಮೆ ಕೃಷಿ ಬೇರೂರಿದ್ದು ಕಡಿಮೆ. ನಮ್ಮವರ ಪಾಲಿಗೆ ಗೂಡು ಎಂದರೆ ಘಟ್ಟದ ಮೇಲಿನಿಂದ ಬರುವ ಸರಕು. ಆದರೆ ಈ ಮನೆಗೆ ಮದುವೆಯ ಸಂಬಂಧದಿಂದಾಗಿ ಗೂಡು ನೇರವಾಗಿ, ಕಡಿಮೆ ಬೆಲೆಗೆ, ನಂಬಿಕೆಯ ಕೈಯಿಂದ ಸಿಗುವಂತಾಯಿತು. ರೇಷ್ಮೆಯ ಸಾರವನ್ನು ಬಳಸಿ ಚರ್ಮದ ಆರೈಕೆಯ ವಸ್ತುಗಳನ್ನು ಮಾಡಬೇಕೆಂಬ ಯೋಚನೆ ಹುಟ್ಟಿದ್ದು ಹೀಗೆ.

ಘಟಕವು ಮಾರಾಟಕ್ಕಿಟ್ಟದ್ದು ಮೂರು ಉತ್ಪನ್ನಗಳನ್ನು: ಒಂದು ಸೀರಮ್, ರಾತ್ರಿ ಹಚ್ಚಿಕೊಳ್ಳುವ ಒಂದು ಕ್ರೀಮ್, ಮತ್ತು ನೀರಿನಲ್ಲಿ ಕಲಸಿ ಮುಖಕ್ಕೆ ಬಳಿದುಕೊಳ್ಳುವ ಒಂದು ಪುಡಿ. ಮೂರರ ಚೀಟಿಯಲ್ಲೂ ಮುಖ್ಯ ಘಟಕಾಂಶವನ್ನು ‘ರೇಷ್ಮೆ ಸಾರ’ ಎಂದೇ ಮುದ್ರಿಸಲಾಗಿತ್ತು. ಮಾರಾಟ ಆರಂಭವಾದ ಬಳಿಕದ ಮೊದಲ ಮಳೆಗಾಲದಲ್ಲಿ ದೂರುಗಳು ಬರತೊಡಗಿದವು. ಸೀರಮ್ಮಿನ ಬಾಟಲಿಗಳಲ್ಲಿ ಬಿಳಿ ಎಳೆಗಳೂ ಲೋಳೆಯಂಥ ಮುದ್ದೆಗಳೂ ಕಾಣಿಸಿಕೊಂಡವು. ಕ್ರೀಮಿನ ಒಂದು ತಂಡದ (ಒಂದೇ ಸಲಕ್ಕೆ ತಯಾರಿಸಿದ) ಡಬ್ಬಿಗಳಿಂದ ಕೆಟ್ಟ ವಾಸನೆ ಬಂತು, ಕೆಲವಕ್ಕೆ ಮುಚ್ಚಳದ ಒಳಬದಿಯಲ್ಲಿ ಬೂಸಲು ಹಿಡಿಯಿತು. ಎಲ್ಲಕ್ಕಿಂತ ಗಂಭೀರವಾದದ್ದು ಮಲ್ಪೆಯ ಗ್ರಾಹಕರೊಬ್ಬರ ಅನುಭವ: ಮುಖಕ್ಕೆ ಪುಡಿ ಬಳಿದುಕೊಂಡ ಸ್ವಲ್ಪ ಹೊತ್ತಿನಲ್ಲೇ ಅವರ ಕೆನ್ನೆ ಮತ್ತು ಕುತ್ತಿಗೆಯ ಮೇಲೆ ತುರಿಕೆಯ ದದ್ದುಗಳೆದ್ದು, ಅವರು ವೈದ್ಯರ ಬಳಿಗೆ ಹೋಗಬೇಕಾಯಿತು. ಚಿಕಿತ್ಸೆಯಿಂದ ದದ್ದು ಇಳಿಯಿತು. ತಮಗೆ ಸಿಗಡಿ ತಿಂದರೆ ಮೈ ತುರಿಸುತ್ತದೆ ಎಂಬ ಮಾತನ್ನು ಅವರು ವೈದ್ಯರಿಗೆ ತಿಳಿಸಿದ್ದರು. ಈ ಮಾತೇ ಮುಂದೆ ಪ್ರಕರಣದ ಅತ್ಯಂತ ಮುಖ್ಯವಾದ ಸುಳಿವಾಯಿತು.

ಲೇಪನಗಳ ತಯಾರಿಕೆಯಲ್ಲಿ ಕೆಲಸ ಮಾಡಿದ ಅನುಭವ ನನಗಿದ್ದುದರಿಂದ, ಮೂರೂ ದೂರುಗಳನ್ನು ಪರಿಶೀಲಿಸಿಕೊಡಬೇಕೆಂದು ಘಟಕದವರು ಕೇಳಿಕೊಂಡರು. ಆ ಪರಿಶೀಲನೆಯ ವಿವರವನ್ನು ಅವರ ಒಪ್ಪಿಗೆಯೊಂದಿಗೆ ಇಲ್ಲಿ ದಾಖಲಿಸುತ್ತಿದ್ದೇನೆ. ತಪ್ಪು ಹುಡುಕುವುದು ಇದರ ಉದ್ದೇಶವಲ್ಲ. ಇಂಥ ವಸ್ತುಗಳನ್ನು ಮಾಡಲು ಹೊರಟಿರುವ ಸಣ್ಣ ಘಟಕಗಳು ನಮ್ಮ ಜಿಲ್ಲೆಗಳಲ್ಲಿ ಹೆಚ್ಚುತ್ತಿವೆ, ಮತ್ತು ಗೂಡಿನೊಳಗೆ ಏನಿದೆ ಎಂಬುದನ್ನು ವಿಂಗಡಿಸಿ ನೋಡದೆ ಅವರು ಮುಂದುವರಿಯುವುದು ಬಳಸುವವರಿಗೂ ತಯಾರಿಸುವವರಿಗೂ ಒಳ್ಳೆಯದಲ್ಲ ಎಂಬ ಕಾಳಜಿಯಿಂದ ಇದನ್ನು ಬರೆದಿದ್ದೇನೆ.

ಗೂಡಿನೊಳಗಿನ ಬೇರೆ ಬೇರೆ ವಸ್ತುಗಳು

ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆದ ಬಾಂಬಿಕ್ಸ್ ಮೋರಿ ಹುಳು ಗೂಡು ಕಟ್ಟುವಾಗ ಹೊರಬಿಡುವ ಎಳೆ ಒಂದೇ ವಸ್ತುವಲ್ಲ. ನಡುವೆ ಫೈಬ್ರಾಯಿನ್ ಎಂಬ ಪ್ರೋಟೀನಿನ ಎರಡು ತಂತುಗಳಿದ್ದು, ಅವನ್ನು ಸೆರಿಸಿನ್ ಎಂಬ ಅಂಟು ಪ್ರೋಟೀನು ಸುತ್ತುವರಿದು ಒಂದಾಗಿ ಹಿಡಿದಿರುತ್ತದೆ. ತೂಕದ ಲೆಕ್ಕದಲ್ಲಿ ಫೈಬ್ರಾಯಿನ್ ಸುಮಾರು ಶೇ. 70ರಿಂದ 80, ಸೆರಿಸಿನ್ ಸುಮಾರು ಶೇ. 20ರಿಂದ 30. ಫೈಬ್ರಾಯಿನಿನಲ್ಲಿ ಗ್ಲೈಸಿನ್ ಮತ್ತು ಅಲನಿನ್ ಎಂಬ ಅಮೈನೊ ಆಮ್ಲಗಳದೇ ಮೇಲುಗೈ. ಅದು ನೀರಿನಲ್ಲಿ ಕರಗದು, ಬಟ್ಟೆಗೆ ಬೇಕಾದ ಬಲವೂ ಹೊಳಪೂ ಅದರದು. ಸೆರಿಸಿನ್ನಿನಲ್ಲಿ ನೀರನ್ನು ಹಿಡಿಯುವ ಸೆರಿನ್ ಎಂಬ ಅಮೈನೊ ಆಮ್ಲವೇ ಸುಮಾರು ಮೂರನೇ ಒಂದು ಪಾಲು ಇರುತ್ತದೆ. ಅದು ಬಿಸಿನೀರಿನಲ್ಲಿ ಕರಗಿ ಹೊರಬರುತ್ತದೆ. ನಮ್ಮ ಚರ್ಮದ ಮೇಲ್ಪದರದಲ್ಲಿ ಸಹಜವಾಗಿ ತೇವವನ್ನು ಉಳಿಸಿಕೊಳ್ಳುವ ವಸ್ತುಗಳ ಸಮೂಹದಲ್ಲಿ ಬಿಡಿ ಅಮೈನೊ ಆಮ್ಲಗಳದು ಸುಮಾರು ಶೇ. 40ರ ಪಾಲು, ಅವುಗಳಲ್ಲೂ ಸೆರಿನ್ ಪ್ರಮುಖವಾದುದು. ಚರ್ಮದ ಆರೈಕೆಯಲ್ಲಿ ಸೆರಿಸಿನ್ನಿಗೆ ಬೆಲೆ ಬಂದದ್ದು ಈ ಹೋಲಿಕೆಯಿಂದ.

ಗೂಡಿನ ಒಳಗೆ ಪ್ಯೂಪಾ, ಅಂದರೆ ಹುಳು ಪತಂಗವಾಗುವ ನಡುವಿನ ಅವಸ್ಥೆಯ ದೇಹ, ಇರುತ್ತದೆ. ಬಿಚ್ಚಾಣಿಕೆಯವರು ಅದನ್ನು ‘ಹುಳ’ ಎಂದಷ್ಟೇ ಕರೆಯುತ್ತಾರೆ. ಒಣಗಿಸಿದ ಪ್ಯೂಪಾದ ಅರ್ಧದಷ್ಟು ತೂಕ ಪ್ರೋಟೀನಿನದು, ಕಾಲು ಭಾಗದಷ್ಟು ಎಣ್ಣೆಯದು. ಎಣ್ಣೆ ತೆಗೆಯಲೂ ಮೀನು ಮತ್ತು ಕೋಳಿಯ ಆಹಾರಕ್ಕೂ ಇದು ಬಳಕೆಯಾಗುತ್ತದೆ. ಆದರೆ ಪ್ಯೂಪಾ ಎಂಬುದು ಒಂದು ಇಡೀ ಕೀಟದೇಹ. ಅದರಲ್ಲಿ ಸ್ನಾಯುವಿನ ಪ್ರೋಟೀನುಗಳಿವೆ, ಕಿಣ್ವಗಳಿವೆ, ಹೊರಕವಚದ ಕೈಟಿನ್ ಇದೆ. ಎಳೆಯಿಂದ ತೆಗೆದ ಶುದ್ಧ ಪ್ರೋಟೀನಿಗೂ ಇದಕ್ಕೂ ರಾಸಾಯನಿಕವಾಗಿ ಹತ್ತಿರದ ಸಂಬಂಧವಿಲ್ಲ.

ಘಟಕದ ದಾಖಲೆಗಳನ್ನು ನೋಡಿದಾಗ ತಿಳಿದದ್ದಿಷ್ಟು. ಸೀರಮ್ಮಿಗೆ ಹಾಕಿದ್ದು, ಗೂಡಿನ ಚಿಪ್ಪನ್ನು ಬರಿಯ ನೀರಿನಲ್ಲಿ ಕುದಿಸಿ ತಾವೇ ತೆಗೆದ ಸೆರಿಸಿನ್ ದ್ರಾವಣ. ಕ್ರೀಮಿನ ಮೊದಲ ತಂಡಕ್ಕೂ ಅದನ್ನೇ ಹಾಕಿದ್ದರು. ಬೇಡಿಕೆ ಏರಿ ಚಿಪ್ಪು ಸಾಲದಾದಾಗ, ಎರಡನೇ ತಂಡಕ್ಕೆ ಮಧ್ಯವರ್ತಿಯೊಬ್ಬರ ಮೂಲಕ ಕ್ಯಾನುಗಳಲ್ಲಿ ‘ಸೆರಿಸಿನ್ ದ್ರಾವಣ’ ತರಿಸಿಕೊಂಡಿದ್ದರು. ಬಳಿಯುವ ಪುಡಿಯಲ್ಲಿ ಮುಲ್ತಾನಿ ಮಣ್ಣು ಮತ್ತು ಅಕ್ಕಿ ಹಿಟ್ಟಿನ ಜೊತೆಗೆ ಇದ್ದದ್ದು ಒಣಗಿಸಿ ಬೀಸಿದ ಪ್ಯೂಪಾ. ಚೀಟಿಯ ಮೇಲೆ ಒಂದೇ ಹೆಸರು ಪಡೆದಿದ್ದ ಇವು ಮೂರು ಪ್ರತ್ಯೇಕ ಕಚ್ಚಾವಸ್ತುಗಳು, ಮತ್ತು ಮೂರು ದೂರುಗಳಿಗೂ ಪ್ರತ್ಯೇಕ ಕಾರಣಗಳಿದ್ದವು.

ಸೀರಮ್ಮಿನ ಎಳೆಗಳು

ಸೆರಿಸಿನ್ ಎಂಬುದು ಒಂದೇ ಅಳತೆಯ ಅಣುವಲ್ಲ. ತೆಗೆಯುವ ವಿಧಾನಕ್ಕೆ ತಕ್ಕಂತೆ ಅದರ ಅಣುತೂಕ ಸುಮಾರು 20 ಕಿಲೊಡಾಲ್ಟನ್‌ನಿಂದ 400 ಕಿಲೊಡಾಲ್ಟನ್‌ವರೆಗೆ ಹರಡಿಕೊಂಡಿರುತ್ತದೆ (ಡಾಲ್ಟನ್ ಎಂಬುದು ಅಣುತೂಕದ ಮಾನ, ಕಿಲೊಡಾಲ್ಟನ್ ಎಂದರೆ ಸಾವಿರ ಡಾಲ್ಟನ್). ಬರಿಯ ನೀರಿನಲ್ಲಿ ಕುದಿಸಿದಾಗ ಅಣುಗಳು ಹೆಚ್ಚು ತುಂಡಾಗುವುದಿಲ್ಲ. ದೊಡ್ಡ ಅಣುಗಳ ಇಂಥ ದ್ರಾವಣ ತಣಿದಾಗ ಹೆಪ್ಪುಗಟ್ಟುತ್ತದೆ, ಬಿಸಿ ಮಾಡಿದರೆ ಮತ್ತೆ ನೀರಾಗುತ್ತದೆ. ಘಟಕದವರು ಈ ಗುಣವನ್ನು ಗಮನಿಸಿದ್ದರು. ದ್ರಾವಣವನ್ನು ಫ್ರಿಜ್ಜಿನಲ್ಲಿಟ್ಟು, ಬೇಕಾದಾಗಲೆಲ್ಲ ಬೆಚ್ಚಗೆ ಮಾಡಿ ಕರಗಿಸಿ, ಉಳಿದದ್ದನ್ನು ಮತ್ತೆ ಫ್ರಿಜ್ಜಿಗೆ ಸೇರಿಸುತ್ತಿದ್ದರು. ದಿನ ಕಳೆದಂತೆ ಸೆರಿಸಿನ್ನಿನ ಅಸ್ತವ್ಯಸ್ತ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಹಾಳೆಯಂಥ ರಚನೆಗೆ ತಿರುಗುತ್ತವೆ; ಹಾಗೆ ತಿರುಗಿದ ಭಾಗ ಬಿಸಿ ನೀರಿಗೂ ಸುಲಭವಾಗಿ ಕರಗದು. ಬಾಟಲಿಯೊಳಗಿನ ಲೋಳೆಯ ಮುದ್ದೆಗಳಿಗೆ ಇದು ಕಾರಣ. ಮಳೆಗಾಲದ ಮೇಲೆ ಹೊರಿಸಿದ್ದ ದೋಷ ವಾಸ್ತವವಾಗಿ ಸಂಗ್ರಹದ ಕ್ರಮದಲ್ಲಿತ್ತು.

ಬಿಳಿ ಎಳೆಗಳ ಕಾರಣ ಬೇರೆಯದು. ‘ಹೊಳಪಿನ ಸೀರಮ್’ ಎಂದು ಮಾರುವ ಸಲುವಾಗಿ ಅದಕ್ಕೆ ಸಿಟ್ರಿಕ್ ಆಮ್ಲ ಸೇರಿಸಿ ಪಿಎಚ್ (ಹುಳಿ ಮತ್ತು ಕ್ಷಾರದ ಅಳತೆ; ಅಂಕಿ 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) ಅನ್ನು 4ರ ಹತ್ತಿರಕ್ಕೆ ಇಳಿಸಿದ್ದರು. ಯಾವ ಪ್ರೋಟೀನಿಗಾದರೂ ತನ್ನ ಮೇಲಿನ ಧನ ಮತ್ತು ಋಣ ವಿದ್ಯುದಂಶಗಳು ಸಮನಾಗುವ ಒಂದು ಪಿಎಚ್ ಇರುತ್ತದೆ; ಅಲ್ಲಿ ಅಣುಗಳು ಪರಸ್ಪರ ದೂಡುವ ಬಲ ಕಳೆದುಕೊಂಡು ಒಂದರ ಮೇಲೊಂದು ಬೀಳುತ್ತವೆ. ಹಾಲಿಗೆ ನಿಂಬೆಹಣ್ಣು ಹಿಂಡಿದಾಗ ಒಡೆಯುವುದು ಇದೇ ತತ್ತ್ವದಿಂದ. ಸೆರಿಸಿನ್ನಿಗೆ ಆ ಬಿಂದು 4ರ ಆಸುಪಾಸಿನಲ್ಲಿದೆ. ಅದೇ ದ್ರಾವಣವನ್ನು ಮೂರು ಲೋಟಗಳಲ್ಲಿ ಹಂಚಿ ಪಿಎಚ್ ಅನ್ನು 6, 5 ಮತ್ತು 4ಕ್ಕೆ ತಂದು ಇಟ್ಟಾಗ ಮೊದಲೆರಡು ತಿಳಿಯಾಗಿಯೇ ಉಳಿದು, ಮೂರನೆಯದು ಕಣ್ಣೆದುರೇ ಮಂಜಾಗಿ ಎಳೆಗಟ್ಟಿತು. ಅದನ್ನು ನೋಡಿದ ನಾದಿನಿ, “ಅತ್ತಿಗೆ, ಹುಳಿ ಹಾಕಿದ್ದೇ ತಪ್ಪಾಯಿತಲ್ಲ” ಎಂದರು. ಹುಳಿ ಹಾಕಿದ್ದು ತಪ್ಪಲ್ಲ, ಸೆರಿಸಿನ್ ಇರುವ ಪಾತ್ರೆಗೆ ಹಾಕಿದ್ದು ತಪ್ಪು. ಹಣ್ಣಿನ ಆಮ್ಲಗಳ ಅಥವಾ ಆಮ್ಲೀಯ ವಿಟಮಿನ್ ಸಿಯ ಸೀರಮ್ ಮಾಡಬೇಕೆಂದರೆ ಅದು ರೇಷ್ಮೆ ಇಲ್ಲದ ಬೇರೆ ಉತ್ಪನ್ನವಾಗಿರಬೇಕು. ಎರಡನ್ನೂ ಒಂದೇ ಬಾಟಲಿಯಲ್ಲಿ ಮಾರುವ ಆಸೆಯನ್ನು ಬಿಡಬೇಕು.

ವಾಸನೆ ಬಂದ ಕ್ರೀಮ್

ಈ ದೂರಿನ ಪರಿಶೀಲನೆಗೆ ಹೆಚ್ಚು ಸಮಯ ಹಿಡಿಯಿತು. ಸಣ್ಣ ಘಟಕಗಳು ತಿಳಿಯಬೇಕಾದ ವಿಷಯ ಹೆಚ್ಚಾಗಿ ಇಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ರೇಷ್ಮೆ ನೂಲಿಗೆ ಬಣ್ಣ ಹಾಕುವ ಮೊದಲು ಅದರ ಅಂಟು ತೆಗೆಯಬೇಕು. ಬಣ್ಣದ ಮನೆಗಳಲ್ಲಿ ಸಾಮಾನ್ಯವಾಗಿ ಸಾಬೂನು ಮತ್ತು ಸೋಡ ಹಾಕಿದ ನೀರಿನಲ್ಲಿ ನೂಲನ್ನು ಕುದಿಸಿ ಈ ಕೆಲಸ ಮಾಡುತ್ತಾರೆ. ಆಮೇಲೆ ಉಳಿಯುವ ನೀರಿನಲ್ಲಿ ಸೆರಿಸಿನ್ ಇರುವುದು ನಿಜ. ಅದನ್ನು ಚರಂಡಿಗೆ ಬಿಟ್ಟರೆ ನೀರಿನ ಆಮ್ಲಜನಕವನ್ನು ಹೀರುವ ಮಾಲಿನ್ಯವಾಗುತ್ತದೆ ಎಂಬುದೂ ನಿಜ. ಆದ್ದರಿಂದ ಆ ನೀರಿನಿಂದ ಸೆರಿಸಿನ್ ಮರಳಿ ಪಡೆಯುವ ಪ್ರಯತ್ನಗಳು ಸ್ವಾಗತಾರ್ಹ. ಆದರೆ ಮರಳಿ ಪಡೆಯುವುದೆಂದರೆ ಸಾಬೂನನ್ನೂ ಲವಣವನ್ನೂ ಬೇರ್ಪಡಿಸಿ, ಶೋಧಿಸಿ, ಒಣಗಿಸುವುದು. ಕ್ಯಾನಿನಲ್ಲಿ ಬಂದದ್ದು ಇದಾವುದೂ ಆಗದ, ಬಟ್ಟೆಯಲ್ಲಿ ಸೋಸಿದ ನೀರು. ಪಿಎಚ್ ಪಟ್ಟಿಯನ್ನು ಅದ್ದಿದ ಕೂಡಲೇ ಕ್ಷಾರದ ಬಣ್ಣ ತೋರಿತು. ಕುಲುಕಿದರೆ ನೊರೆ ಬರುತ್ತಿತ್ತು. ಅದನ್ನು ಹಾಕಿ ತಯಾರಿಸಿದ ಕ್ರೀಮಿನ ಪಿಎಚ್ 8ನ್ನು ದಾಟಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಚರ್ಮದ ಕ್ರೀಮುಗಳಿಗಾಗಿ ಇರುವ ಭಾರತೀಯ ಮಾನಕ ಐಎಸ್ 6608, ಪಿಎಚ್ 4ರಿಂದ 9ರವರೆಗೆ ಇರಬಹುದೆನ್ನುತ್ತದೆ. ಹಾಗಾಗಿ ಪಿಎಚ್ ಒಂದನ್ನೇ ನೋಡಿದರೆ ಈ ಕ್ರೀಮ್ ಮಾನಕದೊಳಗೇ ಇತ್ತು, ಘಟಕದವರ ಮನಸ್ಸಿಗೂ ಅನುಮಾನ ಬರಲಿಲ್ಲ. ಆದರೆ ಅವರು ಕೆಡದಂತೆ ಕಾಯುವ ವಸ್ತುವಾಗಿ ಬಳಸುತ್ತಿದ್ದದ್ದು ಸೋಡಿಯಂ ಬೆಂಜೊಯೇಟ್. ಅದು ಸೂಕ್ಷ್ಮಜೀವಿಗಳನ್ನು ತಡೆಯುವುದು ಬೆಂಜೊಯಿಕ್ ಆಮ್ಲದ ರೂಪದಲ್ಲಿದ್ದಾಗ. ಆ ರೂಪ ಉಳಿಯುವುದು ಹುಳಿಯ ವಾತಾವರಣದಲ್ಲಿ. ಪಿಎಚ್ 5ರಲ್ಲಿ ಹಾಕಿದ ಬೆಂಜೊಯೇಟಿನ ಸುಮಾರು ಏಳರಲ್ಲಿ ಒಂದು ಪಾಲು ಆ ರೂಪದಲ್ಲಿರುತ್ತದೆ, ಪಿಎಚ್ 8.2ರಲ್ಲಿ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಅಂದರೆ ಚೀಟಿಯಲ್ಲಿ ಹೆಸರಿದ್ದರೂ ಡಬ್ಬಿಯೊಳಗೆ ಕಾವಲು ಇರಲಿಲ್ಲ. ಪ್ರೋಟೀನು ಬೆರೆತ ನೀರು ಸೂಕ್ಷ್ಮಜೀವಿಗಳಿಗೆ ಹೇಳಿ ಮಾಡಿಸಿದ ಆಹಾರ. ಅದರ ಮೇಲೆ ಕರಾವಳಿಯ ಜೂನ್–ಜುಲೈ ತಿಂಗಳ ಸೆಕೆ ಮತ್ತು ತೇವ, ಒದ್ದೆ ಬೆರಳಿನಿಂದ ಡಬ್ಬಿಗೆ ಕೈಹಾಕುವ ಅಭ್ಯಾಸ. ಬೂಸಲು ಹಿಡಿಯದಿದ್ದರೇ ಆಶ್ಚರ್ಯವಾಗುತ್ತಿತ್ತು.

ಪಿಎಚ್ ಇಳಿಸಿದರೆ ಸಾಕಲ್ಲವೇ ಎಂಬ ಪ್ರಶ್ನೆಯನ್ನು ಅತ್ತಿಗೆ ಕೇಳಿದರು. ಪ್ರಶ್ನೆ ಸರಿಯಾದದ್ದೇ, ಆದರೆ ಇಲ್ಲಿ ಒಂದು ಇಕ್ಕಟ್ಟಿದೆ. ಬೆಂಜೊಯೇಟ್ ಚೆನ್ನಾಗಿ ಕೆಲಸ ಮಾಡಲು ಪಿಎಚ್ 5ಕ್ಕಿಂತ ಕೆಳಗಿರಬೇಕು. ಸೆರಿಸಿನ್ ಒಡೆಯದೆ ಕರಗಿರಲು ಪಿಎಚ್ 5ಕ್ಕಿಂತ ಮೇಲಿರಬೇಕು. ಒಂದನ್ನು ಸರಿಪಡಿಸಲು ಹೋದರೆ ಮತ್ತೊಂದು ಕೆಡುತ್ತದೆ. ಆದ್ದರಿಂದ ಬದಲಿಸಬೇಕಾದದ್ದು ಕಾಯುವ ವಸ್ತುವನ್ನು. ಪಿಎಚ್ ಮೇಲೆ ಅಷ್ಟಾಗಿ ಅವಲಂಬಿಸದ ಫಿನಾಕ್ಸಿಎಥನಾಲ್ ಅನ್ನು, ಅದರ ಒಪ್ಪಿತ ಗರಿಷ್ಠ ಮಿತಿಯಾದ ಶೇ. 1ನ್ನು ಮೀರದಂತೆ ಬಳಸಿ, ಕ್ರೀಮಿನ ಪಿಎಚ್ ಅನ್ನು 5.5ರಲ್ಲಿ ನಿಲ್ಲಿಸಲು ಸೂಚಿಸಿದೆ. ಚರ್ಮದ ಮೇಲ್ಮೈ ತಾನೇ ತುಸು ಆಮ್ಲೀಯವಾಗಿರುವುದರಿಂದ ಈ ಅಂಕಿ ಅದಕ್ಕೂ ಒಗ್ಗುತ್ತದೆ. ‘ರಾಸಾಯನಿಕ ಬೇಡ, ನಮ್ಮದು ಸಹಜ ಉತ್ಪನ್ನ’ ಎಂಬ ಹಿಂಜರಿಕೆ ಘಟಕದವರಲ್ಲಿತ್ತು. ನೀರು ಮತ್ತು ಪ್ರೋಟೀನು ಎರಡೂ ಇರುವ ಲೇಪನವನ್ನು ಸರಿಯಾದ ರಕ್ಷಕವಸ್ತುವಿಲ್ಲದೆ ಕರಾವಳಿಯಲ್ಲಿ ಮಾರುವುದು ಅಪಾಯದ ಕೆಲಸವೆಂದು ನಾನು ಸ್ಪಷ್ಟವಾಗಿ ಹೇಳಬೇಕಾಯಿತು. ಕಣ್ಣಿನ ಹತ್ತಿರ ಹಚ್ಚುವ ವಸ್ತುವಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದರೆ ಆಗುವ ಹಾನಿಯ ಮುಂದೆ ಈ ಹಿಂಜರಿಕೆಗೆ ತೂಕವಿಲ್ಲ.

ಪ್ಯೂಪಾದ ಪುಡಿ ಮತ್ತು ಸಿಗಡಿ

ಮಲ್ಪೆಯ ಗ್ರಾಹಕರ ವಿಷಯಕ್ಕೆ ಬರೋಣ. ಸಿಗಡಿ, ಏಡಿ, ಜಿರಲೆ, ಮನೆಯ ಧೂಳಿನ ನುಸಿ, ರೇಷ್ಮೆಹುಳು, ಇವೆಲ್ಲವೂ ಸಂಧಿಪದಿಗಳೆಂಬ ಒಂದೇ ದೊಡ್ಡ ಕುಲಕ್ಕೆ ಸೇರಿದವು. ಇವುಗಳ ಸ್ನಾಯುಗಳಲ್ಲಿರುವ ಆರ್ಜಿನಿನ್ ಕೈನೇಸ್ ಮತ್ತು ಟ್ರೋಪೊಮಯೋಸಿನ್ ಎಂಬ ಪ್ರೋಟೀನುಗಳು ಪರಸ್ಪರ ಬಹಳ ಹೋಲುತ್ತವೆ. ರೇಷ್ಮೆಹುಳುವಿನ ಆರ್ಜಿನಿನ್ ಕೈನೇಸ್ ಅಲರ್ಜಿ ಉಂಟುಮಾಡಬಲ್ಲದೆಂಬುದು ದೃಢಪಟ್ಟಿದ್ದು, ಅದಕ್ಕೆ ಬಾಂಬ್ ಎಂ 1 ಎಂಬ ಅಲರ್ಜಿಕಾರಕದ ಹೆಸರನ್ನೂ ಕೊಡಲಾಗಿದೆ. ಸಿಗಡಿಗೆ ಸಿಟ್ಟಾಗುವ ದೇಹ, ಅದನ್ನು ಹೋಲುವ ಹುಳುವಿನ ಪ್ರೋಟೀನಿಗೂ ಸಿಟ್ಟಾಗಬಹುದು. ಪ್ಯೂಪಾವನ್ನು ಆಹಾರವಾಗಿ ತಿನ್ನುವ ಚೀನಾ ಮತ್ತು ಕೊರಿಯಾದಲ್ಲಿ ಅದರಿಂದ ತೀವ್ರ ಅಲರ್ಜಿಯಾದ ಪ್ರಕರಣಗಳು ವರದಿಯಾಗಿವೆ.

ಒಬ್ಬರ ಅನುಭವದಿಂದ ಕಾರಣವನ್ನು ಸಾಧಿಸಲಾಗದು ಎಂಬುದು ವಿಜ್ಞಾನದ ಶಿಸ್ತು. ಆದರೆ ಉತ್ಪನ್ನವನ್ನು ಹಿಂತೆಗೆದುಕೊಳ್ಳಲು ಅಂಥ ಸಾಧನೆ ಬೇಕಿಲ್ಲ. ಮೀನು, ಸಿಗಡಿ, ಮರುವಾಯಿ ದಿನದ ಊಟದಲ್ಲಿರುವ ಮಲ್ಪೆ, ಗಂಗೊಳ್ಳಿ, ಉಳ್ಳಾಲದಂಥ ಊರುಗಳಲ್ಲಿ ಸಿಗಡಿ ಒಗ್ಗದವರು ತಮಗೆ ಯಾವುದು ಒಗ್ಗದೆಂದು ತಿಳಿದು ಅದನ್ನು ದೂರವಿಟ್ಟಿರುತ್ತಾರೆ. ಮುಖಕ್ಕೆ ಬಳಿಯುವ ಪುಡಿಯಲ್ಲಿ ಅದರ ದಾಯಾದಿ ಕುಳಿತಿದೆಯೆಂದು ಅವರಿಗೆ ‘ರೇಷ್ಮೆ ಸಾರ’ ಎಂಬ ಮಾತಿನಿಂದ ತಿಳಿಯುವುದು ಸಾಧ್ಯವೇ ಇಲ್ಲ. ಅದರಲ್ಲೂ ಇದು ಉಜ್ಜಿ ತೊಳೆಯುವ ಪುಡಿ. ಉಜ್ಜಿದಾಗ ಚರ್ಮದ ತಡೆ ಸಡಿಲವಾಗುತ್ತದೆ, ಪ್ರೋಟೀನು ರೋಗನಿರೋಧಕ ಕೋಶಗಳನ್ನು ತಲುಪುವುದು ಸುಲಭವಾಗುತ್ತದೆ.

ಚರ್ಮದ ಮೂಲಕ ಬರುವ ಅಲರ್ಜಿಯನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಜಪಾನಿನ ಒಂದು ಘಟನೆ ಸಾಕ್ಷಿ. ಅಲ್ಲಿ ಮುಖ ತೊಳೆಯುವ ಸಾಬೂನೊಂದರಲ್ಲಿ ಜಲವಿಭಜನೆ ಮಾಡಿದ, ಅಂದರೆ ಸಣ್ಣ ತುಣುಕುಗಳಾಗಿ ಒಡೆದ, ಗೋಧಿ ಪ್ರೋಟೀನನ್ನು ಬಳಸಲಾಗಿತ್ತು. ಅದನ್ನು ಬಳಸಿದವರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿಯ ಅಲರ್ಜಿ ಹುಟ್ಟಿಕೊಂಡು, ಅದುವರೆಗೆ ನಿರಾತಂಕವಾಗಿ ತಿನ್ನುತ್ತಿದ್ದ ಬ್ರೆಡ್ಡು, ನೂಡಲ್ಸ್ ಅವರಿಗೆ ಅಪಾಯದ ಆಹಾರಗಳಾದವು. ಆ ಬಳಿಕ ಯುರೋಪಿನ ಒಕ್ಕೂಟವು 2017ರಲ್ಲಿ, ಸೌಂದರ್ಯವರ್ಧಕಗಳಲ್ಲಿ ಬಳಸುವ ಗೋಧಿ ಪ್ರೋಟೀನಿನ ತುಣುಕುಗಳ ಸರಾಸರಿ ಅಣುತೂಕ 3.5 ಕಿಲೊಡಾಲ್ಟನ್ ಮೀರಬಾರದೆಂಬ ನಿಯಮ ಮಾಡಿತು. ಇದು ಗೋಧಿಯ ಕುರಿತ ನಿಯಮ, ರೇಷ್ಮೆಗೆ ಅನ್ವಯಿಸುವುದಿಲ್ಲ. ಆದರೂ ಯಾವುದೇ ಪ್ರೋಟೀನನ್ನು ಮುಖಕ್ಕೆ ದಿನನಿತ್ಯ ಹಚ್ಚುವ ಮೊದಲು ಅದರ ತುಣುಕುಗಳ ಗಾತ್ರವನ್ನು ಕೇಳಬೇಕೆಂಬ ಎಚ್ಚರ ಇದರಲ್ಲಿದೆ. ಸೆರಿಸಿನ್ನಿಗೂ ಅಲರ್ಜಿಯ ಇತಿಹಾಸ ಇಲ್ಲದಿಲ್ಲ; ಶಸ್ತ್ರಚಿಕಿತ್ಸೆಯ ರೇಷ್ಮೆ ದಾರಕ್ಕೆ ಕೆಲವರ ದೇಹ ತೋರಿದ ಪ್ರತಿಕ್ರಿಯೆಯನ್ನು ಬಹುಕಾಲ ಅದರ ಮೇಲೇ ಹೊರಿಸಲಾಗಿತ್ತು. ಶುದ್ಧ ಸೆರಿಸಿನ್ ಬಹುಮಟ್ಟಿಗೆ ಸೌಮ್ಯವೆಂಬುದನ್ನು ನಂತರದ ಅಧ್ಯಯನಗಳು ಹೇಳಿದರೂ, ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿ ಎಂಬ ಸೂಚನೆಯನ್ನು ಚೀಟಿಯಲ್ಲಿ ಮುದ್ರಿಸುವುದು ಅಗತ್ಯವೆಂದು ನಾನು ಭಾವಿಸುತ್ತೇನೆ.

ಪ್ಯೂಪಾ ಪುಡಿಯ ಮಾರಾಟವನ್ನು ಘಟಕವು ಅಂದೇ ನಿಲ್ಲಿಸಿತು. ಖರೀದಿಸಿದವರಿಗೆ ಫೋನ್ ಮಾಡಿ ಕಾರಣ ತಿಳಿಸಿ ಹಣ ಹಿಂದಿರುಗಿಸಿದರು. ಸಣ್ಣ ಬಂಡವಾಳದವರಿಗೆ ಇದು ಸುಲಭದ ನಿರ್ಧಾರವಲ್ಲ. ಅದನ್ನು ಅವರು ವಾದವಿಲ್ಲದೆ ಮಾಡಿದರೆಂಬುದನ್ನು ಗೌರವದಿಂದ ದಾಖಲಿಸುತ್ತೇನೆ.

ಚೀಟಿಯ ಮೇಲಿನ ಮಾತು

ದೂರು ಬಾರದಿದ್ದರೂ ತಿದ್ದಲೇಬೇಕಾಗಿದ್ದ ಇನ್ನೊಂದು ವಿಷಯ ಚೀಟಿಯ ಮೇಲಿನ ಹೇಳಿಕೆಗಳದು. ‘ಕೊಲಾಜನ್ ಹೆಚ್ಚಿಸುತ್ತದೆ, ಬಣ್ಣ ತಿಳಿಗೊಳಿಸುತ್ತದೆ, ಸುಕ್ಕು ನಿವಾರಿಸುತ್ತದೆ’ ಎಂದು ಅಲ್ಲಿ ಮುದ್ರಿಸಿದ್ದರು. ಕೊಲಾಜನ್ ಎಂದರೆ ಚರ್ಮಕ್ಕೆ ಬಿಗುವು ಕೊಡುವ ಪ್ರೋಟೀನು. ಈ ಮಾತುಗಳಿಗೆ ಬುಡವೇ ಇಲ್ಲವೆಂದಲ್ಲ. 1998ರಲ್ಲಿ ಜಪಾನಿನ ಸಂಶೋಧಕರು, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಯಲ್ಲಿ ಪಾತ್ರವಹಿಸುವ ಟೈರೊಸಿನೇಸ್ ಎಂಬ ಕಿಣ್ವವನ್ನು ಸೆರಿಸಿನ್ ತಡೆಯುತ್ತದೆಂದು ತೋರಿಸಿದರು. ಆದರೆ ಅದು ಪ್ರಯೋಗಾಲಯದ ಕೊಳವೆಯಲ್ಲಿ ಕಿಣ್ವದೊಂದಿಗೆ ನಡೆದ ಪರೀಕ್ಷೆ, ಮನುಷ್ಯರ ಮುಖದ ಮೇಲಿನದಲ್ಲ. 2005ರಲ್ಲಿ ಪುಣೆಯ ಸಂಶೋಧಕರು ಸೆರಿಸಿನ್ ಜೆಲ್ಲನ್ನು ಮನುಷ್ಯರ ಚರ್ಮದ ಮೇಲೆಯೇ ಪರೀಕ್ಷಿಸಿ, ತೇವ ಹೆಚ್ಚಿದ್ದನ್ನೂ ಚರ್ಮದ ಮೂಲಕ ಆರಿಹೋಗುವ ನೀರು ಕಡಿಮೆಯಾದದ್ದನ್ನೂ ವರದಿ ಮಾಡಿದರು. ಘಟಕವು ಧೈರ್ಯವಾಗಿ ಆತುಕೊಳ್ಳಬಹುದಾದ ನೆಲೆ ಈ ಎರಡನೆಯದು.

ಗಾತ್ರದ ವಿಚಾರವೂ ಅದನ್ನೇ ಹೇಳುತ್ತದೆ. ಆರೋಗ್ಯವಂತ ಚರ್ಮದ ಹೊರಪದರವನ್ನು ದಾಟಲು ಅಣುತೂಕ ಸುಮಾರು 500 ಡಾಲ್ಟನ್‌ಗಿಂತ ಕಡಿಮೆ ಇರಬೇಕೆಂಬುದು ಚರ್ಮಶಾಸ್ತ್ರದಲ್ಲಿ ಒಪ್ಪಿತವಾದ ಅಂದಾಜು. ಸೆರಿಸಿನ್ ಅದಕ್ಕಿಂತ ಹತ್ತಾರು, ನೂರಾರು ಪಟ್ಟು ದೊಡ್ಡದು. ಅದು ಚರ್ಮದ ಮೇಲೆ ತೆಳುವಾದ ಪೊರೆಯಾಗಿ ಕುಳಿತು ತೇವವನ್ನು ಹಿಡಿಯುತ್ತದೆ, ಒಣಗಿದಾಗ ಮೇಲ್ಮೈಯನ್ನು ತುಸು ಬಿಗಿಗೊಳಿಸಿ ನುಣುಪಿನ ಅನುಭವ ಕೊಡುತ್ತದೆ, ತೊಳೆದರೆ ಹೋಗುತ್ತದೆ. ಕೊಲಾಜನ್ ಇರುವ ಒಳಪದರಕ್ಕೆ ಇಡಿಯಾಗಿ ಇಳಿಯುವ ದಾರಿ ಅದಕ್ಕಿಲ್ಲ. ತೇವ ಉಳಿಸುವ ಕೆಲಸವೇನೂ ಸಣ್ಣದಲ್ಲ. ಎಸಿ ಕೋಣೆಯಲ್ಲಿ ದಿನವಿಡೀ ಕುಳಿತು ಕೆಲಸ ಮಾಡುವ ಮಣಿಪಾಲದ ಹುಡುಗಿಗೂ, ಸಾಬೂನಿನ ನೀರಿನಲ್ಲಿ ಕೈ ಅದ್ದಿಕೊಂಡೇ ಇರುವ ಗೃಹಿಣಿಗೂ ಅದರಿಂದ ನಿಜವಾದ ಪ್ರಯೋಜನವಿದೆ. ಕಾನೂನಿನ ದೃಷ್ಟಿಯಿಂದಲೂ ಇದೇ ಸುರಕ್ಷಿತ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯು ಸೌಂದರ್ಯವರ್ಧಕವನ್ನು ಶುಚಿಗೊಳಿಸುವ, ಅಂದಗೊಳಿಸುವ, ಹೊರನೋಟವನ್ನು ಬದಲಿಸುವ ವಸ್ತುವೆಂದು ನಿರೂಪಿಸುತ್ತದೆ. ದೇಹದ ಒಳಗಿನ ಕ್ರಿಯೆಯನ್ನು ಬದಲಿಸುತ್ತೇನೆಂದು ಹೇಳಿಕೊಳ್ಳುವ ವಸ್ತು ಔಷಧದ ಗಡಿಯೊಳಗೆ ಕಾಲಿಡುತ್ತದೆ. ತಪ್ಪು ದಾರಿಗೆಳೆಯುವ ಹೇಳಿಕೆಗಳನ್ನು 2020ರ ಸೌಂದರ್ಯವರ್ಧಕಗಳ ನಿಯಮಗಳೂ ಒಪ್ಪುವುದಿಲ್ಲ. ಬಣ್ಣ ತಿಳಿಗೊಳಿಸುವ ಮಾತಿಗೆ ನನ್ನ ಆಕ್ಷೇಪ ಇದಕ್ಕಿಂತಲೂ ಮುಂದಿನದು: ಮೈಬಣ್ಣದ ಬಗ್ಗೆ ನಮ್ಮ ಹೆಣ್ಣುಮಕ್ಕಳಲ್ಲಿ ಈಗಾಗಲೇ ಬಿತ್ತಿರುವ ಕೀಳರಿಮೆಯಿಂದ ಲಾಭ ಪಡೆಯುವುದು, ಅದೂ ಇಬ್ಬರು ಹೆಣ್ಣುಮಕ್ಕಳು ನಡೆಸುವ ಘಟಕಕ್ಕೆ, ಶೋಭಿಸುವ ಕೆಲಸವಲ್ಲ.

ಹುಳುವಿನ ಜೀವದ ಪ್ರಶ್ನೆ

ಈ ನಡುವೆ ಕಾರ್ಕಳದ ಜೈನ ಕುಟುಂಬವೊಂದು ಕ್ರೀಮ್ ಕೊಳ್ಳುವ ಮೊದಲು, ಇದಕ್ಕಾಗಿ ಹುಳುವನ್ನು ಕೊಂದಿದ್ದೀರಾ ಎಂದು ಕೇಳಿತು. ಕೃಷ್ಣಮಠದ ನಾಡಿನಲ್ಲಿ ಪಟ್ಟೆಯ, ಅಂದರೆ ರೇಷ್ಮೆಯ, ಬಟ್ಟೆ ಮಡಿಗೆ ಸಲ್ಲುತ್ತದೆ. ಕಾರ್ಕಳ, ಮೂಡುಬಿದಿರೆಯ ಬಸದಿಗಳ ನೆರಳಿನಲ್ಲಿ ಬೆಳೆದವರಲ್ಲಿ ಹಲವರು ಅದೇ ಬಟ್ಟೆಯನ್ನು ಹಿಂಸೆಯ ಕಾರಣಕ್ಕೆ ಬಿಡುತ್ತಾರೆ. ಎರಡೂ ನಮ್ಮ ಜಿಲ್ಲೆಗಳ ನಿಷ್ಠೆಗಳೇ. ಪ್ರಶ್ನೆಗೆ ಸತ್ಯವಾದ ಉತ್ತರ ಕೊಡುವುದು ಹೇಗೆಂಬುದೇ ಇಲ್ಲಿನ ಸಮಸ್ಯೆ.

ನೂಲು ಬಿಚ್ಚುವ ಗೂಡಿನಲ್ಲಿ ಪ್ಯೂಪಾವನ್ನು ಶಾಖ ಕೊಟ್ಟು ಸಾಯಿಸಲಾಗುತ್ತದೆ, ಇದರಲ್ಲಿ ಸಂದೇಹವಿಲ್ಲ. ಆದರೆ ಸೆರಿಸಿನ್ ತೆಗೆಯಲು ಉದ್ದನೆಯ ಎಳೆ ಬೇಕಿಲ್ಲವಾದ್ದರಿಂದ ಬೇರೆ ದಾರಿಯಿದೆ. ಮೊಟ್ಟೆ ಉತ್ಪಾದಿಸುವ ಬಿತ್ತನೆ ಕೋಠಿಗಳಲ್ಲಿ ಪತಂಗ ತಾನಾಗಿಯೇ ತೂತು ಕೊರೆದು ಹೊರಬಂದ ಗೂಡುಗಳೂ, ಗಂಡು ಹೆಣ್ಣು ವಿಂಗಡಿಸಲು ಪ್ಯೂಪಾವನ್ನು ಜೀವಂತ ಹೊರತೆಗೆದು ಬಿಟ್ಟ ಕತ್ತರಿಸಿದ ಚಿಪ್ಪುಗಳೂ ಉಳಿಯುತ್ತವೆ. ಅಣ್ಣನ ಮೂಲಕ ಘಟಕವು ಈಗ ತರಿಸಿಕೊಳ್ಳುತ್ತಿರುವುದು ಇಂಥ ಚಿಪ್ಪುಗಳನ್ನೇ. ಹಾಗಿದ್ದರೆ ‘ಅಹಿಂಸಾ ರೇಷ್ಮೆ’ ಎಂದು ಚೀಟಿಯಲ್ಲಿ ಹಾಕಬಹುದಲ್ಲ ಎಂದು ನಾದಿನಿ ಉತ್ಸಾಹದಿಂದ ಕೇಳಿದರು. ಹಾಕುವಂತಿಲ್ಲ. ಲೂಯಿ ಪಾಸ್ಚರ್ 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಪೆಬ್ರಿನ್ ರೋಗವನ್ನು ಅಧ್ಯಯನ ಮಾಡಿ ರೂಪಿಸಿದ ಕ್ರಮದಂತೆ, ಮೊಟ್ಟೆ ಇಟ್ಟ ತಾಯಿ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ರೋಗಾಣುವಿಗಾಗಿ ಪರೀಕ್ಷಿಸುವ ಪದ್ಧತಿ ಇಂದಿಗೂ ಬಿತ್ತನೆ ಕೋಠಿಗಳ ಆಧಾರ. ಮೊಟ್ಟೆಯ ಮೂಲಕ ಮುಂದಿನ ತಲೆಮಾರಿಗೆ ಹೋಗುವ ಆ ರೋಗವನ್ನು ತಡೆಯದಿದ್ದರೆ ರೈತನ ಬೆಳೆಯೇ ಉಳಿಯದು, ಆದ್ದರಿಂದ ಪದ್ಧತಿಯನ್ನು ದೂಷಿಸುವಂತಿಲ್ಲ. ಆದರೆ ಆ ಚಿಪ್ಪಿನ ಹಿಂದೆ ಸಾವಿಲ್ಲ ಎನ್ನುವುದು ಸುಳ್ಳಾಗುತ್ತದೆ. ಕೊನೆಗೆ ಘಟಕವು ಕಾರ್ಕಳದವರಿಗೆ ಇದ್ದುದನ್ನು ಇದ್ದಂತೆ ಬರೆದು ತಿಳಿಸಿತು, ಡಬ್ಬಿಯ ಮೇಲೆ ಪ್ರಾಣಿಮೂಲದ ವಸ್ತುವೆಂಬ ಕಂದು ಚುಕ್ಕೆಯನ್ನು ಹಾಕಿತು. ಆ ಕುಟುಂಬ ಕ್ರೀಮನ್ನು ಕೊಳ್ಳಲಿಲ್ಲ.

ಈಗಿನ ಕ್ರಮ

ಚಿಪ್ಪನ್ನು ಆರಿಸುವುದರಿಂದಲೇ ಕೆಲಸ ಆರಂಭವಾಗುತ್ತದೆ. ರೇಷ್ಮೆಹುಳುವನ್ನು ಕಾಡುವ ಪರಾವಲಂಬಿಯಾದ ಊಜಿ ನೊಣದ ಹುಳು ಕೊರೆದು ಹೊರಬಂದ ಗೂಡುಗಳನ್ನೂ ಪತಂಗ ಬಿಟ್ಟುಹೋದ ಗೂಡುಗಳೆಂದು ಬೆರೆಸಿ ಕೊಡುವವರಿದ್ದಾರೆ. ಊಜಿಯ ತೂತು ಚಿಕ್ಕದು, ಒಳಗೆ ಸತ್ತ ಪ್ಯೂಪಾದ ಕಲೆ ಇರುತ್ತದೆ, ಅಂಥವನ್ನು ಬಿಸಾಡಬೇಕು. ಹುಳು ಸಾಕುವ ಮನೆಗಳಲ್ಲಿ ರೋಗ ತಡೆಯಲು ಬ್ಲೀಚಿಂಗ್ ಪುಡಿ, ಸುಣ್ಣ, ಫಾರ್ಮಾಲಿನ್ ಬಳಸುತ್ತಾರೆ. ಫಾರ್ಮಾಲ್ಡಿಹೈಡ್ ಚರ್ಮಕ್ಕೆ ಅಲರ್ಜಿ ತರುವ ವಸ್ತುವಾದ್ದರಿಂದ, ಹೊರಗಿನ ಜುಂಗು ತೆಗೆದು, ಚಿಪ್ಪಿನೊಳಗೆ ಉಳಿದ ಪ್ಯೂಪಾದ ಪೊರೆಯನ್ನು ಬಿಡಿಸಿ, ತಣ್ಣೀರಿನಲ್ಲಿ ಹಲವು ಬಾರಿ ತೊಳೆದ ಮೇಲೆಯೇ ಚಿಪ್ಪನ್ನು ಒತ್ತಡದ ಪಾತ್ರೆಗೆ ಹಾಕುತ್ತಾರೆ. 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿ ಸೋಸಿದ ದ್ರಾವಣವನ್ನು ಫ್ರಿಜ್ಜಿನಲ್ಲಿಡದೆ ಅಂದೇ ಕ್ರೀಮಿಗೆ ಸೇರಿಸುತ್ತಾರೆ. ಮಿಶ್ರತಳಿಯ ಹಳದಿ ಗೂಡಿನಿಂದ ಬರುವ ದ್ರಾವಣಕ್ಕೆ ತಿಳಿಹಳದಿ ಬಣ್ಣವಿರುತ್ತದೆ, ಏಕೆಂದರೆ ಗೂಡಿನ ಬಣ್ಣ ಬಹುಪಾಲು ಸೆರಿಸಿನ್ ಪದರದಲ್ಲೇ ಇದೆ; ಬಿಳಿಯ ದ್ವಿತಳಿ ಗೂಡಿನದಕ್ಕೆ ಬಣ್ಣವಿಲ್ಲ. ಬಣ್ಣವನ್ನು ತೆಗೆಯಲು ಹೋಗದೆ, ತಂಡದಿಂದ ತಂಡಕ್ಕೆ ಬಣ್ಣ ಬದಲಾಗಬಹುದೆಂದು ಚೀಟಿಯಲ್ಲಿ ತಿಳಿಸಲು ತೀರ್ಮಾನಿಸಿದ್ದಾರೆ.

ಪ್ರತಿ ತಂಡದ ಪಿಎಚ್ ಅಂಕಿ, ಚಿಪ್ಪು ಬಂದ ಕೋಠಿಯ ವಿವರ ಮತ್ತು ಬೇಯಿಸಿದ ದಿನಾಂಕವನ್ನು ಪುಸ್ತಕದಲ್ಲಿ ಬರೆಯಲಾಗುತ್ತಿದೆ. ಸೂಕ್ಷ್ಮಜೀವಿಗಳ ಎಣಿಕೆ ಗ್ರಾಂಗೆ 1000ಕ್ಕಿಂತ ಹೆಚ್ಚಿರಬಾರದೆಂಬ ಮಿತಿಗೆ, ಸೀಸದ ಲೆಕ್ಕದಲ್ಲಿ ಭಾರಲೋಹ ಹತ್ತು ಲಕ್ಷದಲ್ಲಿ 20 ಪಾಲು ಮತ್ತು ಆರ್ಸೆನಿಕ್ 2 ಪಾಲು ಮೀರಬಾರದೆಂಬ ಮಿತಿಗೆ ಒಳಪಟ್ಟಿದೆಯೇ ಎಂದು ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಬಳಿಕವೇ ಡಬ್ಬಿಗಳು ಹೊರಹೋಗುತ್ತವೆ. ಪ್ರಾಣಿಗಳ ಮೇಲೆ ಸೌಂದರ್ಯವರ್ಧಕಗಳ ಪರೀಕ್ಷೆಯನ್ನು ದೇಶ 2014ರಲ್ಲೇ ನಿಷೇಧಿಸಿರುವುದರಿಂದ, ಹೊಸ ಕ್ರೀಮನ್ನು ಮಾರುಕಟ್ಟೆಗೆ ಬಿಡುವ ಮುನ್ನ ಒಪ್ಪಿಗೆ ಕೊಟ್ಟ ವಯಸ್ಕರ ತೋಳಿನ ಮೇಲೆ ಚರ್ಮರೋಗ ತಜ್ಞರ ಮೇಲ್ವಿಚಾರಣೆಯಲ್ಲಿ ಅಂಟುಪಟ್ಟಿಯ ಪರೀಕ್ಷೆ ಮಾಡಿಸಲಾಯಿತು. ಸೀರಮ್ಮನ್ನು ಸದ್ಯಕ್ಕೆ ನಿಲ್ಲಿಸಲಾಗಿದೆ. ಅಣುಗಾತ್ರದ ಪ್ರಮಾಣಪತ್ರದೊಂದಿಗೆ ಬರುವ, ಜಲವಿಭಜನೆ ಮಾಡಿದ ಸಣ್ಣ ತುಣುಕುಗಳ ರೇಷ್ಮೆ ಪುಡಿ ಸಿಕ್ಕರೆ ಮಾತ್ರ ಅದನ್ನು ಮತ್ತೆ ಕೈಗೆತ್ತಿಕೊಳ್ಳುವುದೆಂದು ಇಬ್ಬರೂ ಒಪ್ಪಿದ್ದಾರೆ. ಕ್ರೀಮಿನ ಹೊಸ ಚೀಟಿಯಲ್ಲಿ ಘಟಕಾಂಶವನ್ನು ‘ಸೆರಿಸಿನ್, ರೇಷ್ಮೆಗೂಡಿನ ಚಿಪ್ಪಿನಿಂದ’ ಎಂದೂ, ಉಪಯೋಗವನ್ನು ‘ಚರ್ಮದ ತೇವವನ್ನು ಉಳಿಸಲು’ ಎಂದೂ ಮುದ್ರಿಸಲಾಗಿದೆ.